ಮಣ್ಣಲ್ಲದ ಮಣ್ಣು, ಚಿನ್ನವಲ್ಲದ ಒಡವೆ

ಬೆಂಗಳೂರಿನ ಗಂಗಾನಗರದಿಂದ ಹೊರಟು, ಮೇಖ್ರಿ ವೃತ್ತ ದಾಟಿ, ಜಯಮಹಲ್ ರಸ್ತೆಯಲ್ಲಿ ಬೆನ್ಸನ್ ಟೌನ್ ಕಡೆಗೆ ಹೋದರೆ ಕೆಲವೇ ಕಿಲೋಮೀಟರಿನಲ್ಲಿ ಪಾಟರಿ ಟೌನ್ ಸಿಗುತ್ತದೆ. ಹೆಸರೇ ಹೇಳುವಂತೆ ಅದು ಕುಂಬಾರರ ಕೇರಿ. ಹಣತೆ, ಹೂಕುಂಡ, ಗೌರಿ-ಗಣೇಶನ ಮೂರ್ತಿಗಳಿಗೆ ನಗರದ ಜನ ಇಂದಿಗೂ ಅಲ್ಲಿಗೆ ಹೋಗುತ್ತಾರೆ. ಆದರೆ ನಗರದ ಬಡಾವಣೆಗಳ ಮಹಡಿ ಮನೆಗಳಲ್ಲಿ ಯಾರಾದರೂ 'ಕ್ಲೇ' ಕಲಿಯುತ್ತಿದ್ದೇನೆ ಎಂದರೆ ಅದು ಕುಂಬಾರರ ಮಣ್ಣೇ ಆಗಿರಬೇಕೆಂದಿಲ್ಲ. ಬಣ್ಣಬಣ್ಣದ ಪುಟ್ಟ ಇಟ್ಟಿಗೆಯಂಥ ಪೊಟ್ಟಣಗಳಲ್ಲಿ ಬರುವ, ಮುಟ್ಟಿದರೆ ಗಟ್ಟಿ ಬೆಣ್ಣೆಯಂತಿರುವ, ಅಡುಗೆಮನೆಯ ಓವನ್ನಿನಲ್ಲಿ ಬೇಯುವ ಪಾಲಿಮರ್ ಕ್ಲೇ ಕೂಡ ಅದಾಗಿರಬಹುದು. ಅದರಿಂದ ಓಲೆ, ಜುಮುಕಿ, ಪದಕ, ಮಣಿಸರ ಮಾಡುವುದು ಈಗ ಬೆಂಗಳೂರಿನ ಹವ್ಯಾಸ ತರಗತಿಗಳ ಪರಿಚಿತ ಪಾಠಗಳಲ್ಲೊಂದು.

ಈ ವಸ್ತುವಿನ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಎಂದರೆ, ಇದರಲ್ಲಿ ಮಣ್ಣು ಇಲ್ಲ. ಕುಂಬಾರನ ಜೇಡಿಮಣ್ಣಿಗೆ ನೀರು ಬೆರೆತರೆ ಹದ ಬರುತ್ತದೆ, ಒಣಗಿದರೆ ಬಿರುಸಾಗುತ್ತದೆ, ಮತ್ತೆ ನೀರು ಹಾಕಿದರೆ ಕರಗುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ದಾಟಿದ ಮೇಲೆ ಮಾತ್ರ ಅದು ಮಣ್ಣಾಗಿ ಹಿಂದಿರುಗದ ಮಡಕೆಯಾಗುತ್ತದೆ. ಪಾಲಿಮರ್ ಕ್ಲೇಯ ಕುಲವೇ ಬೇರೆ. ನೀರಿನ ಕೊಳವೆ, ವಿದ್ಯುತ್ ತಂತಿಯ ಹೊದಿಕೆಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ, ಅದನ್ನು ಮೆದುವಾಗಿಡುವ ಎಣ್ಣೆಯಂಥ ದ್ರವ, ಜೊತೆಗೆ ಬಣ್ಣ: ಇಷ್ಟೇ ಅದರ ಮುಖ್ಯ ಸಾಮಗ್ರಿ. ಗಾಳಿಗಿಟ್ಟರೆ ಒಣಗುವುದಿಲ್ಲ. 110ರಿಂದ 130 ಡಿಗ್ರಿ ಕಾವಿನಲ್ಲಿ ಅರ್ಧ ಗಂಟೆ ಇಟ್ಟರೆ ಪುಡಿಯ ಕಣಗಳು ಆ ದ್ರವವನ್ನು ಹೀರಿಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕುಂಬಾರನ ಆವಿಗೆಗೆ ಇದು ಬೆಚ್ಚಗಾಗುವ ಹೊತ್ತಿನ ಕಾವೂ ಅಲ್ಲ.

ಇಂಥ ವಸ್ತು ಒಡವೆಯ ಪೆಟ್ಟಿಗೆಗೆ ಬಂದ ದಾರಿ ಕುತೂಹಲದ್ದು. ಪಿವಿಸಿಯನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಓಯ್ಗನ್ ಬೌಮನ್ 1872ರಲ್ಲೇ ಗುರುತಿಸಿದ್ದರೂ ಅದು ಪೆಡಸಾದ, ಕೆಲಸಕ್ಕೆ ಬಾರದ ಪದಾರ್ಥವಾಗಿಯೇ ಉಳಿದಿತ್ತು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಅದಕ್ಕೆ ಮೆದುಗೊಳಿಸುವ ದ್ರವ ಸೇರಿಸಿದ ಮೇಲೆ ಅದು ಬಳಕೆಗೆ ಒದಗಿತು. ಮುಂದಿನ ಅಧ್ಯಾಯ ನಡೆದದ್ದು ಒಂದು ಗೊಂಬೆ ಕಾರ್ಖಾನೆಯಲ್ಲಿ. ಕೇಥೆ ಕ್ರೂಸೆ ಜರ್ಮನಿಯ ಹೆಸರಾಂತ ಗೊಂಬೆ ತಯಾರಕಿ. ಬೇಕಲೈಟ್ ಎಂಬ ಹಳೆಯ ಪ್ಲಾಸ್ಟಿಕ್ಕಿಗೆ ಬದಲಿಯಾಗಿ ರೂಪಿಸಿದ ಹೊಸ ಕಣಕವೊಂದು 1939ರ ಹೊತ್ತಿಗೆ ಆಕೆಯ ಕೈಗೆ ಬಂತು. ಕಾರ್ಖಾನೆಗೆ ಅದು ಒಗ್ಗಲಿಲ್ಲ. ಆಕೆ ಅದನ್ನು ಮಗಳು ಸೋಫಿಗೆ ಕೊಟ್ಟರು. ಮನೆಯಲ್ಲಿ 'ಫಿಫಿ' ಎಂದು ಕರೆಸಿಕೊಳ್ಳುತ್ತಿದ್ದ ಸೋಫಿ ರೇಬಿಂಡರ್-ಕ್ರೂಸೆ ಅದನ್ನು ತಿದ್ದಿ, ಬಣ್ಣ ಸೇರಿಸಿ, ಮಕ್ಕಳು ಆಡಬಹುದಾದ ಕಣಕವನ್ನಾಗಿ ಮಾರತೊಡಗಿದರು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪನಿ ಆ ಸೂತ್ರವನ್ನು ಕೊಂಡು 'ಫಿಮೊ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಹೆಸರಿನ ಮೊದಲ ಅಕ್ಷರ ಫಿಫಿಯದೇ.

ಅಮೆರಿಕದಲ್ಲಿ ನಡೆದದ್ದು ಇದಕ್ಕಿಂತಲೂ ವಿಚಿತ್ರ. 1960ರ ದಶಕದ ಆರಂಭದಲ್ಲಿ ಅಲ್ಲಿ ಇಂಥದೇ ಪದಾರ್ಥವನ್ನು ತಯಾರಿಸಿದ್ದು ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳ ಒಳಗಿನ ಶಾಖವನ್ನು ಹೊರಸಾಗಿಸಲು. ಆ ಕೆಲಸದಲ್ಲಿ ಅದು ಸೋತಿತು. ಮೂಲೆ ಸೇರಿದ್ದ ಮುದ್ದೆಯಿಂದ ಆಟಕ್ಕೆಂದು ಮಾಡಿದ ಬೊಂಬೆಯೊಂದನ್ನು ಓವನ್ನಿನಲ್ಲಿ ಬೇಯಿಸಿ ನೋಡಿದಾಗ ಅದರ ನಿಜವಾದ ಉಪಯೋಗ ಹೊಳೆಯಿತೆಂದು ಕಥೆ. ಅದೇ ಮುಂದೆ 'ಸ್ಕಲ್ಪಿ' ಆಯಿತು. ಹೀಗೆ ಎರಡು ಖಂಡಗಳಲ್ಲಿ, ಎರಡು ಕಾರ್ಖಾನೆಗಳಲ್ಲಿ ನಪಾಸಾದ ವಸ್ತು ಮಕ್ಕಳ ಆಟಿಕೆಯ ಕಪಾಟಿನಲ್ಲಿ ಜಾಗ ಪಡೆಯಿತು. ಅಲ್ಲಿಂದ ಅದನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಮನೆಯ ಊಟದ ಮೇಜನ್ನೇ ಕಾರ್ಯಾಗಾರ ಮಾಡಿಕೊಂಡ ಹೆಂಗಸರು. ಅಮೆರಿಕದ ಪ್ರಸಿದ್ಧ ಕುಂಭ ಶಿಲ್ಪಿ ಪೀಟರ್ ವೋಲ್ಕಸ್ ಅವರ ಮಗಳು ಪಿಯರ್ ವೋಲ್ಕಸ್ ಇದರಲ್ಲಿ ಮಣಿಸರಗಳನ್ನು ಮಾಡಿ ಹೆಸರಾದರು. ಅಪ್ಪನಿಗೆ ಮಣ್ಣು, ಮಗಳಿಗೆ ಮಣ್ಣಲ್ಲದ ಮಣ್ಣು! ನ್ಯಾನ್ ರೋಶ್ ಅವರ 'ದಿ ನ್ಯೂ ಕ್ಲೇ' ಪುಸ್ತಕ 1991ರಲ್ಲಿ ಹೊರಬಂದ ಮೇಲೆ, ಅಲ್ಲೊಬ್ಬರು ಇಲ್ಲೊಬ್ಬರು ಕಂಡುಕೊಂಡಿದ್ದ ತಂತ್ರಗಳು ಯಾರು ಬೇಕಾದರೂ ಓದಿ ಕಲಿಯಬಹುದಾದ ವಿದ್ಯೆಯಾದವು.

ಆ ತಂತ್ರಗಳಲ್ಲಿ ಬಹುಪಾಲು ಎರವಲು. ಅದರಲ್ಲಿ ನಾಚಿಕೆಪಡುವಂಥದೇನಿಲ್ಲ; ಹುಟ್ಟಿದ ಮೇಲೆ ನೂರು ವರ್ಷವೂ ಆಗದ ವಸ್ತುವಿಗೆ ಪರಂಪರೆ ಎಲ್ಲಿಂದ ಬರಬೇಕು? ಬಣ್ಣಬಣ್ಣದ ಪದರಗಳನ್ನು ಒತ್ತಿ, ಮೇಲ್ಮೈ ತೆಳುವಾಗಿ ಕೊರೆದು ಮರದ ನಾರಿನಂಥ ವಿನ್ಯಾಸ ಬರಿಸುವುದು ಜಪಾನಿನ ಲೋಹಗಾರರ ಮೊಕುಮೆ ಗಾನೆ. ಎಲ್ಲಕ್ಕಿಂತ ಹೆಸರಾದದ್ದು ವೆನಿಸ್ ಬಳಿಯ ಮುರಾನೊ ದ್ವೀಪದ ಗಾಜುಗಾರರ ಮಿಲೆಫಿಯೋರಿ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಸಾವಿರ ಹೂ. ಬಣ್ಣದ ಎಳೆಗಳನ್ನು ಉದ್ದಕ್ಕೆ ಜೋಡಿಸಿ ದಪ್ಪ ಕೋಲು ಮಾಡಿ, ಅದನ್ನು ಎಳೆದು ಸಣ್ಣದಾಗಿಸಿ, ಅಡ್ಡ ಕತ್ತರಿಸಿದರೆ ಪ್ರತಿ ಬಿಲ್ಲೆಯಲ್ಲೂ ಅದೇ ಹೂ. ಅರ್ಥವಾಗದವರು ಪತ್ರೊಡೆಯನ್ನು ನೆನಪಿಸಿಕೊಳ್ಳಬಹುದು. ಕೆಸುವಿನ ಎಲೆಗೆ ಹಿಟ್ಟು ಸವರಿ, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ಬೇಯಿಸಿ ಕೊಯ್ದರೆ ಪ್ರತಿ ತುಂಡಿನಲ್ಲೂ ಹಸಿರು ಸುರುಳಿ ಕಾಣುತ್ತದಲ್ಲ, ತತ್ವ ಅದೇ. ಒಳಗಿನ ಚಿತ್ರ ಹೊರಗಿನಿಂದ ಕಾಣದು. ಕೊಯ್ದಾಗಲೇ ಕೈ ಎಷ್ಟು ಸರಿಯಿತ್ತೆಂದು ಗೊತ್ತಾಗುವುದು. ಗಾಜುಗಾರನಿಗೆ ಇದಕ್ಕೆ ಧಗಧಗಿಸುವ ಕುಲುಮೆ ಬೇಕು. ಪಾಲಿಮರ್ ಕ್ಲೇಯಲ್ಲಿ ಲಟ್ಟಣಿಗೆ ಮತ್ತು ಹರಿತವಾದ ಬ್ಲೇಡು ಸಾಕು.

ಉಪಕರಣಗಳ ವಿಷಯದಲ್ಲೂ ಅಡುಗೆಮನೆಯೇ ಗತಿ. ಬಣ್ಣದ ಹಾಳೆಗಳನ್ನು ಸಮನಾಗಿ ಒತ್ತಲು ವಿದೇಶಗಳಲ್ಲಿ ಬಳಸುವ ಯಂತ್ರ ನಮ್ಮ ಶ್ಯಾವಿಗೆ ಯಂತ್ರದ ಹತ್ತಿರದ ನೆಂಟ: ಎರಡು ಉರುಳೆ, ಒಂದು ಹಿಡಿಕೆ. ಎರಡು ಬಣ್ಣದ ತ್ರಿಕೋನಗಳನ್ನು ಜೋಡಿಸಿ, ಮಡಿಸಿ, ಮತ್ತೆ ಮತ್ತೆ ಅದರೊಳಗೆ ಹಾಯಿಸಿದರೆ ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗಿಹೋದ ಹಾಳೆ ಸಿಗುತ್ತದೆ. ಈ ಉಪಾಯ ಕಂಡುಹಿಡಿದ ಜೂಡಿತ್ ಸ್ಕಿನ್ನರ್ ಅವರ ಹೆಸರಿನಲ್ಲೇ ಅದಿಂದು ಜಗತ್ತಿನಾದ್ಯಂತ ಪರಿಚಿತ. ಎಳೆ ತೆಗೆಯುವ ಒತ್ತುಗೊಳವೆ ಚಕ್ಕುಲಿ ಒರಳಿನ ತಮ್ಮ. ಆದರೆ ಒಂದು ಕಟ್ಟುನಿಟ್ಟು: ಈ ಕೆಲಸಕ್ಕೆ ಬಳಸಿದ ಲಟ್ಟಣಿಗೆ, ಯಂತ್ರ, ತಟ್ಟೆ ಮತ್ತೆ ಊಟದ ಕೆಲಸಕ್ಕೆ ಬರಬಾರದು.

ಒಡವೆಯನ್ನು ಲೋಹ ಕರಗಿಸದೆ, ಕಣಕದಿಂದ ಮಾಡುವುದು ಕನ್ನಡ ನಾಡಿಗೆ ಹೊಸತೇ? ಹಾಗೇನೂ ಇಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ನೋಡಿ. ಹಗುರ ಮರದಲ್ಲಿ ಕೆತ್ತಿದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸಂದುಗಳಿಗೆ 'ಕಿಟ್ಟ' ಎಂಬ ಕಣಕ ಮೆತ್ತುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿ ನಾರಿಗೆ ಮರದ ಹೊಟ್ಟು ಮತ್ತು ಹುಣಸೆ ಅಂಟು ಸೇರಿಸಿ ನಾದಿದ್ದು ಅದು. ಆಮೇಲಿನ ಕೆಲಸ ಇಲ್ಲಿ ಮುಖ್ಯ. ಬೆಣಚುಕಲ್ಲಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ, ಗೊಂಬೆಯ ಮೈಮೇಲಿನ ಕಂಠೀಹಾರ, ತೋಳಬಂದಿ, ಡಾಬುಗಳನ್ನು ಉಬ್ಬಾಗಿ ಎಬ್ಬಿಸುತ್ತಾರೆ. ಅಂದರೆ ಗೊಂಬೆಯ ಒಡವೆಯನ್ನು ಕೆತ್ತುವುದಿಲ್ಲ, ಮೆತ್ತುತ್ತಾರೆ.

ಮೈಸೂರು ಶೈಲಿಯ ಚಿತ್ರಕಲೆಯಲ್ಲೂ ಇದೇ ಉಪಾಯ. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಆಶ್ರಯದಲ್ಲಿ ಬೆಳಗಿದ ಈ ಚಿತ್ರಗಳಲ್ಲಿ ದೇವಿಯ ಕಿರೀಟ, ಸೊಂಟಪಟ್ಟಿ, ಸೀರೆಯ ಅಂಚುಗಳು ಹಾಳೆಯಿಂದ ಒಂದಿಷ್ಟು ಮೇಲೆದ್ದು ಹೊಳೆಯುತ್ತವೆ. ಸೀಸದ ಬಿಳುಪಿನ ಪುಡಿಗೆ ರೇವಲಚಿನ್ನಿ ಮತ್ತು ಅಂಟು ಸೇರಿಸಿದ ಸರಿಯನ್ನು ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಇಟ್ಟು, ಒಣಗಿದ ಮೇಲೆ ಚಿನ್ನದ ರೇಕು ಹಚ್ಚಿದರೆ ಆ ಒಡವೆ ಸಿದ್ಧ. ತಂಜಾವೂರಿನವರು ಈ ಉಬ್ಬನ್ನು ದಪ್ಪಗೆ ಎಬ್ಬಿಸಿ ಕಲ್ಲು ಕೂರಿಸಿದರೆ, ಮೈಸೂರಿನವರು ತೀರ ತೆಳುವಾಗಿ ಬಿಟ್ಟರು. ಮೈಸೂರಿನ ಹಿರಿಮೆ ಆ ಸಂಯಮದಲ್ಲಿದೆ ಎಂದರೆ ತಂಜಾವೂರಿನವರು ಒಪ್ಪಲಿಕ್ಕಿಲ್ಲ, ಇರಲಿ. ಸೀಸ ವಿಷವೆಂಬುದು ಈಗ ಎಲ್ಲರಿಗೂ ಗೊತ್ತು. ಕಣಕದ ಒಡವೆಯಲ್ಲಿ ಅಪಾಯದ ಮಾತು ಪ್ಲಾಸ್ಟಿಕ್ಕಿನೊಂದಿಗೆ ಶುರುವಾದದ್ದಲ್ಲ.

ಮನೆಯ ಹೆಂಗಸರ ಕೈಗಂತೂ ಮೆತ್ತುವುದು, ಅಚ್ಚೊತ್ತುವುದು ಹಬ್ಬದ ಕೆಲಸ. ಹಳೇ ಮೈಸೂರಿನ ಮನೆಗಳಲ್ಲಿ ಸಂಕ್ರಾಂತಿಗೆ ಮರದ ಅಚ್ಚುಗಳಲ್ಲಿ ಸಕ್ಕರೆ ಪಾಕ ಹುಯ್ದು ಆನೆ, ತೇರು, ಹಕ್ಕಿಗಳನ್ನು ತೆಗೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ, ಕೊಂಬಿಗೆ, ಕೊರಳಿಗೆ ಸಿಂಗರಿಸಿ ಪೂಜಿಸುತ್ತಾರೆ. ಅದೇ ಸೀಮೆಯಲ್ಲಿ ಕುಸುರೆಳ್ಳನ್ನು ಪೋಣಿಸಿ ಎಳೆಯ ಮಕ್ಕಳಿಗೆ ಸರ, ಬಳೆ ತೊಡಿಸುವ ರೂಢಿಯೂ ಉಂಟು. ಸಕ್ಕರೆಯ ಒಡವೆ! ಒಂದೇ ದಿನದ ಆಯುಸ್ಸು, ಆದರೆ ಮಾಡಲು ಬೇಕಾದ ತಾಳ್ಮೆ ಚಿನ್ನಕ್ಕೆ ಬೇಕಾದುದಕ್ಕಿಂತ ಕಡಿಮೆಯೇನಲ್ಲ.

ವ್ಯತ್ಯಾಸ ಇರುವುದು ಈ ವಿದ್ಯೆಗಳನ್ನು ಯಾರು ಯಾರಿಗೆ ಕಲಿಸಿದರು ಎಂಬಲ್ಲಿ. ಹಬ್ಬದ ಕೆಲಸ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂತು. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ, ಹೆಸರೂ ಬರೆಯಲಿಲ್ಲ. ಕಿನ್ನಾಳದ ಕೆಲಸ ಚಿತ್ರಗಾರರ ಮನೆತನಗಳಲ್ಲಿ ನಡೆದುಬಂತು. ಅಲ್ಲಿ ಹುಟ್ಟದವರಿಗೆ ಕಿಟ್ಟದ ಹದ ಹೇಳಿಕೊಡುವವರು ವಿರಳ. ಈ ಗೋಡೆಯನ್ನು ದಾಟುವ ಒಂದು ದೊಡ್ಡ ಪ್ರಯತ್ನ ನಡೆದದ್ದು ಮೈಸೂರಿನಲ್ಲಿ. 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ಟೆಕ್ನಿಕಲ್ ಇನ್ಸ್‌ಟಿಟ್ಯೂಟ್ ಕುಲಕಸುಬನ್ನು ತರಗತಿಯ ಪಾಠವಾಗಿಸಿತು. ಚಿತ್ರ, ಕೆತ್ತನೆ ಮೊದಲಾದ ವಿದ್ಯೆಗಳನ್ನು ಅರ್ಜಿ ಹಾಕಿ ಕಲಿಯಬಹುದಾಯಿತು. ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಚಿತ್ರಕಲಾ ಪರಿಷತ್ತು ಅದೇ ದಾರಿಯಲ್ಲಿ ನಡೆಯಿತು. ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ತೊಗಲುಗೊಂಬೆ ಮತ್ತು ಮೈಸೂರು ಚಿತ್ರಗಳನ್ನು ಹುಡುಕಿ ತಂದು ಸಂಗ್ರಹಿಸಿದ್ದರಿಂದ, ನಗರದಲ್ಲಿ ಕಲಿಯುವವರ ಕಣ್ಣಿಗೆ ಅವು ಬೀಳುವಂತಾಯಿತು.

ಪಾಲಿಮರ್ ಕ್ಲೇ ಈ ಸಾಲಿನಲ್ಲಿ ಇನ್ನೂ ಒಂದು ಹೆಜ್ಜೆ ಆಚೆ ಹೋಯಿತು. ಇದಕ್ಕೆ ಕುಲವಿಲ್ಲ, ಗುರುಮನೆಯಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಮಗುವನ್ನು ಶಾಲೆಗೆ ಕಳಿಸಿ ಬಂದ ತಾಯಿ, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜು ಹುಡುಗಿ, ಎಲ್ಲರೂ ಒಂದೇ ಮೇಜಿನ ಮುಂದೆ ಕೂರಬಹುದು. ಕುಂಬಾರನ ತಿಗರಿಯನ್ನು ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ತರುವುದಾಗದು. ಆವಿಗೆ ಹೊತ್ತಿಸಿದರೆ ನೆರೆಯವರು ಅಗ್ನಿಶಾಮಕ ದಳಕ್ಕೇ ಫೋನ್ ಮಾಡಿಯಾರು. ಒಂದು ಟ್ರೇ, ಒಂದು ಬ್ಲೇಡು, ಪುಟ್ಟ ಓಟಿಜಿ ಓವನ್ನಿನಲ್ಲಿ ಇಡೀ ಕಾರ್ಖಾನೆ ಮುಗಿಯುವುದು ನಗರದ ಇಕ್ಕಟ್ಟಿಗೆ ಹೇಳಿ ಮಾಡಿಸಿದಂತಿದೆ. ಕೊಕ್ಕೆ, ತಂತಿ, ಸರಪಳಿಗಳಿಗೆ ಅವೆನ್ಯೂ ರಸ್ತೆಯ ಆಸುಪಾಸಿನ ಪೇಟೆಯಂತೂ ಇದ್ದೇ ಇದೆ.

ಹಾಗೆಂದು ಕಲಿಕೆ ಸುಲಭವೇನಲ್ಲ. ಮೊದಲ ಪಾಠ ನಾದುವುದು. ಪೊಟ್ಟಣದಿಂದ ತೆಗೆದ ತುಂಡನ್ನು ಅಂಗೈಯ ಬಿಸಿಯಲ್ಲಿ ಹತ್ತಾರು ನಿಮಿಷ ಹಿಸುಕಿ, ಉರುಳಿಸಿ ಹದಕ್ಕೆ ತರದಿದ್ದರೆ ಬೆಂದ ಮೇಲೆ ಬಿರುಕು ಬಿಡುತ್ತದೆ. ಚಪಾತಿ ಹಿಟ್ಟು ನಾದಿದ ಕೈಗೆ ಇದು ಬೇಗ ಒಲಿಯುತ್ತದೆ. ಎರಡನೆಯದು ಶುಚಿ. ಬಿಳಿ ಬಣ್ಣ ಬೆರಳಿನ ಕೊಳೆಯನ್ನೂ ಬಟ್ಟೆಯ ನಾರನ್ನೂ ಅಯಸ್ಕಾಂತದಂತೆ ಎಳೆದುಕೊಳ್ಳುವುದರಿಂದ ಮೊದಲು ಬಿಳಿ, ಕೊನೆಗೆ ಕೆಂಪು ಮತ್ತು ಕಪ್ಪು ಎಂಬುದು ಬಲ್ಲವರ ಕ್ರಮ. ಬೆರಳಚ್ಚು ಅಳಿಸುವುದು ಇನ್ನೊಂದು ತಲೆನೋವು. ಎಷ್ಟೋ ಹೊಸಬರ ಓಲೆಗಳಲ್ಲಿ ಮಾಡಿದವರ ಹೆಬ್ಬೆಟ್ಟಿನ ಗುರುತು ಸಹಿಯಂತೆ ಉಳಿದುಬಿಡುತ್ತದೆ.

ಬೇಯಿಸುವುದೇ ನಿಜವಾದ ಪರೀಕ್ಷೆ. ಮೈಕ್ರೋವೇವ್ ಇದಕ್ಕೆ ಆಗದು. ಚಿಕ್ಕ ಓವನ್ನುಗಳ ತಿರುಪಿನ ಮೇಲೆ ಬರೆದ ಅಂಕಿಗೂ ಒಳಗಿನ ಕಾವಿಗೂ ತಾಳೆಯಾಗುವುದು ಕಡಿಮೆ. ಒಳಗೊಂದು ಪ್ರತ್ಯೇಕ ಉಷ್ಣಮಾಪಕ ಇಡದೆ ಗತ್ಯಂತರವಿಲ್ಲ. ಕಾವು ಕಡಿಮೆಯಾದರೆ ಒಡವೆ ನೋಡಲು ಚೆನ್ನಾಗಿದ್ದೂ ಕೆಲ ದಿನಗಳಲ್ಲಿ ಬಿಸ್ಕತ್ತಿನಂತೆ ಮುರಿಯುತ್ತದೆ. ಸರಿಯಾಗಿ ಬೆಂದ ತೆಳು ಹಾಳೆ ಬಾಗುತ್ತದೆ, ಮುರಿಯುವುದಿಲ್ಲ. ಕಾವು ಮಿತಿಮೀರಿ ಸುಟ್ಟರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಕಣ್ಣು, ಗಂಟಲು ಉರಿಸುವ ಘಾಟು ಅದು. ಹಾಗಾದಾಗ ಓವನ್ ಆರಿಸಿ, ಕಿಟಕಿ ತೆರೆದು ಕೋಣೆಯಿಂದ ಹೊರಗೆ ಬರುವುದೇ ಸರಿ. ಮೆದುಗೊಳಿಸುವ ದ್ರವವಾಗಿ ಹಿಂದೆ ಬಳಸುತ್ತಿದ್ದ ಥ್ಯಾಲೇಟುಗಳ ಬಗ್ಗೆ ಆರೋಗ್ಯದ ಆತಂಕ ಎದ್ದು, ಮಕ್ಕಳ ವಸ್ತುಗಳಲ್ಲಿ ಅವುಗಳ ಬಳಕೆಯನ್ನು ಐರೋಪ್ಯ ಒಕ್ಕೂಟ 2005ರಲ್ಲಿ, ಅಮೆರಿಕ 2008ರಲ್ಲಿ ಕಾನೂನಿನ ಮೂಲಕ ನಿರ್ಬಂಧಿಸಿದವು. ಹೆಸರಾಂತ ತಯಾರಕರು ಸೂತ್ರ ಬದಲಿಸಿದ್ದಾರೆ. ಹೆಸರು, ವಿವರ ಯಾವುದೂ ಇಲ್ಲದ ಅಗ್ಗದ ಪೊಟ್ಟಣ ಕೊಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು. ಹಸಿ ಕ್ಲೇಯನ್ನು ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಮೆತ್ತಗಾಗಿ ಅಂಟಿಕೊಳ್ಳುವುದನ್ನು ಕಂಡವರಿಗೆ ಆ ದ್ರವದ ಶಕ್ತಿ ಏನೆಂದು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಕಾಡುವುದು ಬೆಲೆಯ ಪ್ರಶ್ನೆ. ಕನ್ನಡ ಮನೆಗಳಲ್ಲಿ ಒಡವೆಯ ಮೊದಲ ಅಳತೆ ತೂಕ. ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್ ಎಂದು ಕೇಳಿ ಆಮೇಲೆ ಚೆನ್ನಾಗಿದೆಯೇ ಎಂದು ನೋಡುವವರು ನಾವು. ಅಕ್ಕಸಾಲಿಯ ಮಜೂರಿ ಬಿಲ್ಲಿನ ಕೆಳಸಾಲು, ಅದರಲ್ಲೂ ಚೌಕಾಶಿ. ಕಷ್ಟ ಬಂದಾಗ ಅಡವಿಡಲು ಆಗುವುದೇ ಒಡವೆ ಎಂಬ ಲೆಕ್ಕ ತಪ್ಪೂ ಅಲ್ಲ. ಎಷ್ಟೋ ಹೆಂಗಸರಿಗೆ ತಮ್ಮದೆಂದು ಹೇಳಿಕೊಳ್ಳಲು ಇದ್ದ ಆಸ್ತಿ ಅದೊಂದೇ. ಪಾಲಿಮರ್ ಕ್ಲೇಯ ಲೆಕ್ಕ ಇದಕ್ಕೆ ನೇರ ತಲೆಕೆಳಗು. ಸುಮಾರು 57 ಗ್ರಾಮಿನ ಒಂದು ಪೊಟ್ಟಣದಲ್ಲಿ ಹಲವು ಜೊತೆ ಓಲೆ ಆಗುತ್ತವೆ. ಸಾಮಗ್ರಿಯ ಖರ್ಚು ಅಲ್ಪ, ಮರುಮಾರಾಟದ ಬೆಲೆ ಸೊನ್ನೆ. ಇರುವುದೆಲ್ಲ ಮಜೂರಿಯೇ: ಬಣ್ಣ ಕೂಡಿಸಿದ ಕಣ್ಣು, ಅರ್ಧ ದಿನ ಕುತ್ತಿಗೆ ಬಗ್ಗಿಸಿದ ಶ್ರಮ. 'ಪ್ಲಾಸ್ಟಿಕ್ ತಾನೆ, ಇಷ್ಟೊಂದೇ?' ಎಂದು ಗಿರಾಕಿ ಕೇಳಿದರೆ ಉತ್ತರಿಸುವುದು ಕಷ್ಟ. ಗೆಳತಿಯರಿಗೆ ಉಡುಗೊರೆ ಕೊಟ್ಟು ಅಭ್ಯಾಸವಾದ ಕೈಗೆ ತನ್ನ ಗಂಟೆಗಳಿಗೆ ಬೆಲೆ ಹಾಕುವುದು ಇನ್ನೂ ಕಷ್ಟ. ತರಗತಿಗಳಲ್ಲಿ ಹೂ ಮಾಡುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ ಈ ಲೆಕ್ಕವನ್ನೂ ಕಲಿಸಿದರೆ ಕಲಿತವರಿಗೆ ಹೆಚ್ಚು ಉಪಕಾರವಾದೀತು.

ಪಾಟರಿ ಟೌನಿನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಬೆಂಗಳೂರಿನ ಕೆರೆಗಳು ಒಂದೊಂದಾಗಿ ಬಡಾವಣೆ, ಬಸ್ ನಿಲ್ದಾಣಗಳಾಗಿ ಮುಗಿದ ಮೇಲೆ ಕುಂಬಾರರು ಮಣ್ಣನ್ನು ನಗರದ ಹೊರಗಿನಿಂದ ದುಡ್ಡು ಕೊಟ್ಟು ತರಬೇಕಾಗಿದೆ. ಅತ್ತ ಮಣ್ಣೇ ದುರ್ಲಭವಾಗುತ್ತಿರುವಾಗ ಇತ್ತ ಮಣ್ಣಿನ ಹೆಸರು ಹೊತ್ತ ಪ್ಲಾಸ್ಟಿಕ್ ಕಪಾಟುಗಳಲ್ಲಿ ಕೂತಿದೆ. ಮಣ್ಣಿನ ಒಡವೆ ಒಡೆದರೂ ಉಳಿಯುವುದು ಸುಟ್ಟ ಮಣ್ಣಿನ ಚೂರು. ಇದು ಪ್ಲಾಸ್ಟಿಕ್ಕಾಗಿಯೇ ಬಿದ್ದಿರುತ್ತದೆ. ಆದರೆ ಇವೆರಡನ್ನು ಹಗೆಗಳೆಂದು ಭಾವಿಸಬೇಕಿಲ್ಲ. ಬೆಂಗಳೂರಿನಲ್ಲಿ ಸುಟ್ಟ ಮಣ್ಣಿನ ಜುಮುಕಿ, ಸರಗಳನ್ನು ಮಾಡುವುದನ್ನೂ ಕಲಿಸುತ್ತಾರೆ. ಒಂದರಲ್ಲಿ ಪಳಗಿದ ಬೆರಳು ಇನ್ನೊಂದಕ್ಕೆ ಹೊಸದಲ್ಲ. ಚನ್ನಪಟ್ಟಣದ ಅರಗಿನ ಕೆಲಸದವರು ಸಹ ಆಟಿಕೆಯ ಜೊತೆಗೆ ಬಣ್ಣದ ಮಣಿ, ಬಳೆಗಳನ್ನು ಕಡೆದು ಹೊಸ ಗಿರಾಕಿಗಳನ್ನು ಕಂಡುಕೊಂಡಿದ್ದಾರೆ. ಹಾಲೆ ಮರದ ಮೇಲೆ, ತಿರುಗುವ ವೇಗದ ಬಿಸಿಗೇ ಅರಗು ಕರಗಿ ಹತ್ತುವ ಆ ಮಣಿ ಹಗುರ, ಅಗ್ಗ, ಮೇಲಾಗಿ ನಮ್ಮದೇ. ಪಾಲಿಮರ್ ಕ್ಲೇ ಕಲಿಯುವವರು ಬಣ್ಣದ ಪಾಠಕ್ಕೆ ಒಮ್ಮೆ ಚನ್ನಪಟ್ಟಣಕ್ಕೆ ಹೋಗಿಬಂದರೆ ನಷ್ಟವಿಲ್ಲ.

ಹೊರದೇಶಗಳಲ್ಲಿ ಈ ವಸ್ತು ಆಟಿಕೆಯ ಕಪಾಟಿನಿಂದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಬಂದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೆಸೀನ್ ಕಲಾ ಸಂಗ್ರಹಾಲಯ 2011ರಲ್ಲಿ ಇದಕ್ಕೆಂದೇ ದೊಡ್ಡ ಪ್ರದರ್ಶನ ನಡೆಸಿತು. ಅಲ್ಲಿನ ಹಲವು ಕಲಾವಿದರು 'ಕ್ಲೇ' ಎಂಬ ಮಾತನ್ನೇ ಬಿಟ್ಟು ಬರೀ 'ಪಾಲಿಮರ್' ಎನ್ನುತ್ತಾರೆ. ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ ಎಂದೇ ಕರೆಯಲು ಅವರಿಗೆ ಸಂಕೋಚವಿಲ್ಲ. ಕನ್ನಡದಲ್ಲಿ ಇದಕ್ಕೆ ಇನ್ನೂ ನೆಲೆಗೊಂಡ ಹೆಸರಿಲ್ಲ. ಕೆಲವರು ಅದನ್ನು ಮಣ್ಣೆನ್ನುತ್ತಾರೆ, ಕೆಲವರು ಹಿಟ್ಟೆನ್ನುತ್ತಾರೆ. ಕಿನ್ನಾಳದವರ 'ಕಿಟ್ಟ' ಎಂಬ ಎರಡಕ್ಷರದ ಮಾತು ಮಾತ್ರ ಇನ್ನೂ ಯಾರಿಗೂ ನೆನಪಾದಂತಿಲ್ಲ.